ಬೇಕಂತಲೇ ತಪ್ಪಿಸಿದ ಚೆಂಡು

ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ಹೊಡೆದಾಡುವ ಆ ಪೂಲ್ ಹಾಲಿನಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಅವನು ಟೈಲರ್ ಎಂಬುದು ಅದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ ಅವನ ಆಟ. ನೇರಕ್ಕಿರುವ ಚೆಂಡನ್ನು ಯಾರು ಬೇಕಾದರೂ ಗುಳಿಗೆ ಹಾಕಿಯಾರು. ಅಂಚಿಗೆ ನೂಲೆಳೆಯಷ್ಟು ಮಾತ್ರ ತಾಗಿಸಿ, ಚೆಂಡು ತಾನಾಗಿ ಮನಸ್ಸು ಮಾಡಿದಂತೆ ಪಕ್ಕದ ಗುಳಿಗೆ ಹೊರಳಿ ಇಳಿಯುವ ಹಾಗೆ ‘ಕಟ್’ ಹೊಡೆಯುವುದರಲ್ಲಿ ಅವನದು ಎತ್ತಿದ ಕೈ. ವಯಸ್ಸು ಅರವತ್ತೆರಡಾದರೂ ಆ ಕೈ ಇನ್ನೂ ಇಳಿದಿರಲಿಲ್ಲ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗ ಒಂದಿಷ್ಟು ಸತಾಯಿಸುತ್ತಿತ್ತು.

ಅಂಗಡಿ ಚಿಕ್ಕದು. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೆ ಒಂದು ಸ್ಟೂಲು, ಒಂದು ನಿಲುವುಗನ್ನಡಿ. ಹೊಸ ಬಟ್ಟೆ ಹೊಲಿಸುವವರು ಈಗ ಯಾರಿದ್ದಾರೆ? ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಕೆಟ್ಟ ಜಿಪ್ ಬದಲಿಸುವುದು, ಇಷ್ಟರಲ್ಲೇ ಹೊಟ್ಟೆಪಾಡು ನಡೆಯುತ್ತಿತ್ತು. ರಸ್ತೆಯಾಚೆ ಎದುರಿಗೇ ಟೈರ್ ಅಂಗಡಿ, ಅದರ ಮಹಡಿಯ ಮೇಲೆ ಪೂಲ್ ಹಾಲು. ಮಿಷನ್ನಿನ ಮುಂದೆ ಕೂತರೆ ಹಾಲಿನ ಮೆಟ್ಟಿಲು ನೆಟ್ಟಗೆ ಕಾಣುತ್ತಿತ್ತು. ಬೇರೆಲ್ಲೂ ಮಳಿಗೆ ಸಿಗಲಿಲ್ಲ, ಅದಕ್ಕೇ ಇಲ್ಲಿ ಹಿಡಿದೆ ಎಂದು ಅವನು ಹೆಂಡತಿಗೆ ಹೇಳಿದ್ದ. ಅವಳು ನಂಬಿದವಳಂತೆ ತಲೆಯಾಡಿಸಿದ್ದಳು.

ಕತ್ತರಿಯ ಪ್ರಾಯದ ಕಾಲದ ದುಡ್ಡಿನಾಟವೇ ಬೇರೆ. ಪಂದ್ಯ ಕಟ್ಟುವವರಿಬ್ಬರೂ ತಮ್ಮ ತಮ್ಮ ನೋಟುಗಳನ್ನು ಎಲ್ಲರ ಕಣ್ಣೆದುರಿಗೆ ಎಣಿಸಿ, ಒಬ್ಬ ನಂಬಿಕಸ್ಥನ ಕೈಗೆ ಕೊಡಬೇಕು. ಆ ನಂಬಿಕಸ್ಥ ಬಸ್ ಕಂಡಕ್ಟರ್. ಇಡೀ ಸರ್ವಿಸಿನಲ್ಲಿ ಒಂದು ದಿನವೂ ಚಿಲ್ಲರೆ ಲೆಕ್ಕ ತಪ್ಪದವನು. ಎರಡೂ ಕಡೆಯ ಹಣವನ್ನು ಅಂಗಿಯ ಒಳಜೇಬಿಗೆ ಹಾಕಿ, ಮೇಲೊಂದು ಪಿನ್ನು ಚುಚ್ಚಿ ಅವನು ಮೂಲೆಯ ಬೆಂಚಿನಲ್ಲಿ ಕೂತನೆಂದರೆ ಜಗತ್ತು ಮುಳುಗಿದರೂ ದುಡ್ಡು ಭದ್ರ. ಹಾಗಾಗಿ ಅವನ ಹೆಸರು ಬ್ಯಾಂಕು. ಬ್ಯಾಂಕು ಮತ್ತು ಕತ್ತರಿ ಚಡ್ಡಿ ದೋಸ್ತುಗಳು. ಕತ್ತರಿಯ ಬಳಿ ಕೈಯಿತ್ತು, ಕಾಸಿರಲಿಲ್ಲ. ಅವನ ಪರವಾಗಿ ಪಣದ ಹಣ ಹಾಕುತ್ತಿದ್ದವನೂ ಬ್ಯಾಂಕೇ.

ಇಬ್ಬರೂ ಸೇರಿ ಪಕ್ಕದೂರುಗಳಿಗೂ ಹೋಗಿ ಬಂದಿದ್ದರು. ಕತ್ತರಿ ಪೇಂಟ್ ಕಲೆಯ ಅಂಗಿ ತೊಟ್ಟು, ಕೋಲು ಹಿಡಿಯಲೂ ಬಾರದ ಪೆದ್ದನಂತೆ ಮೊದಲೆರಡು ಆಟ ಸೋಲುವುದು. ಪಣ ಏರಿದ ಮೇಲೆ ನಿಧಾನಕ್ಕೆ ಬಾಲ ಬಿಚ್ಚುವುದು. ಎಷ್ಟೋ ಶೂರರಿಗೆ ಹೀಗೆ ಚಳ್ಳೆಹಣ್ಣು ತಿನ್ನಿಸಿದ್ದರು. ಒಂದೆರಡು ಕಡೆ ಗುಟ್ಟು ಬಯಲಾಗಿ, ಓಡಿದ ರಭಸಕ್ಕೆ ಚಪ್ಪಲಿ ಬಿಟ್ಟು ಬಂದದ್ದೂ ಉಂಟು.

ಈಗ ಹಾಲಿಗೆ ಹೊಸ ಮಾಲೀಕ ಬಂದಿದ್ದ. ಹೊಗೆಯಿಲ್ಲ, ಬೈಗುಳವಿಲ್ಲ, ಕೋಣೆ ತಣ್ಣಗೆ, ಬೆಳಕು ಹಾಲು ಚೆಲ್ಲಿದಂತೆ. ಒಂದನೇ ನಂಬರ್ ಮೇಜಿನ ಮೇಲೆ ನಾಲ್ಕು ಕ್ಯಾಮೆರಾ. ಪಂದ್ಯ ನಡೆದರೆ ಸಾವಿರಾರು ಜನ ಅವರವರ ಫೋನಿನಲ್ಲೇ ನೋಡುತ್ತಾರೆ, ನೋಡುತ್ತ ನೋಡುತ್ತಲೇ ಬೆರಳಲ್ಲಿ ಒತ್ತಿ ಬಾಜಿ ಕಟ್ಟುತ್ತಾರೆ. ಆಟಗಾರರ ಪಣ ಹಾಕುವವರು ಮುಖ ಕಂಡರಿಯದ ಯಾರೋ. ಹಣ ಫೋನಿಂದ ಫೋನಿಗೆ ಹೋಗುತ್ತದೆ, ಯಾರ ಕೈಯೂ ನೋಟು ಮುಟ್ಟುವುದಿಲ್ಲ. ನಿವೃತ್ತನಾದ ಬ್ಯಾಂಕು ಈಗಲೂ ದಿನಾ ಸಂಜೆ ಮೂಲೆಯ ಬೆಂಚಿಗೆ ಬಂದು ಕೂರುತ್ತಿದ್ದ. ಅವನ ಒಳಜೇಬಿನಲ್ಲಿ ಮಾತ್ರೆಯ ಚೀಟಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಸೋತರೆ ಇವರಿಗೆ ಏನು ಹೋಗುತ್ತದೆ, ಹೊಟ್ಟೆ ಉರಿಯದ ಮೇಲೆ ಅದೆಂಥ ದುಡ್ಡಿನಾಟ ಎಂದು ಗೊಣಗುವುದು ಅವನ ದಿನಚರಿಯಾಗಿತ್ತು.

ಇಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಕತ್ತರಿಯ ಅಂಗಡಿಗೆ ಒಬ್ಬಳು ಹುಡುಗಿ ಕಪ್ಪು ಪ್ಯಾಂಟು ಹಿಡಿದುಕೊಂಡು ಬಂದಳು. ದಂತವೈದ್ಯ ಕಾಲೇಜಿನಲ್ಲಿ ಕೊನೆಯ ವರ್ಷದವಳು. ಪ್ಯಾಂಟು ಉದ್ದ, ನಾಳೆಗೆ ಬೇಕು, ಎರಡಿಂಚು ಕಮ್ಮಿ ಮಾಡಿಕೊಡಿ ಎಂದಳು. ಕತ್ತರಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೆಳಗೆ ಕೂತು ಅಳತೆ ಮಾಡುವಾಗ ಅವಳ ಎಡಗೈ ಕಣ್ಣಿಗೆ ಬಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ, ಆಟದ ಕೋಲಿನ ತುದಿಗೆ ಉಜ್ಜುವ ನೀಲಿ ಚಾಕಿನ ಪುಡಿ.

"ಮೇಲೆ ಆಡ್ತೀಯೇನಮ್ಮ?" ಎಂದು ಕೇಳಿದ.

ಆಡುತ್ತೇನೆ, ನಾಳೆ ಟೂರ್ನಮೆಂಟು, ಕಪ್ಪು ಪ್ಯಾಂಟು ಹಾಕಲೇಬೇಕಂತೆ ಎಂದಳು ಅವಳು. ನಿಮಗೂ ಆಟ ಗೊತ್ತಾ ಅಂಕಲ್ ಎಂದು ವಾಪಸ್ಸು ಕೇಳಿದಳು. ಕತ್ತರಿ ಹಳೆಯ ಚಾಳಿಯಂತೆ, ಏನೋ ಸುಮಾರಾಗಿ, ಚಿಕ್ಕವನಿದ್ದಾಗ ಒಂದೆರಡು ಸಲ ಎಂದ. ಅಭ್ಯಾಸಬಲ. ಆಮೇಲೆ, ಪ್ಯಾಂಟಿನ ಕೂಲಿಗೇ ಒಂದು ಆಟ ಆಡೋಣವಾ, ನೀನು ಗೆದ್ದರೆ ಕೂಲಿ ಬೇಡ, ನಾನು ಗೆದ್ದರೆ ಎರಡರಷ್ಟು ಕೊಡು ಎಂದು ಗಾಳ ಹಾಕಿದ. ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಕಲ್, ನೀವೇ ಕತ್ತರಿ ಅಲ್ವಾ?" ಎಂದಳು. ಕತ್ತರಿ ಇಂಗು ತಿಂದ ಮಂಗನಂತಾದ. ಅವನಿಗೆ ಆಡಲು ಬರುತ್ತದೆಂದು ಗೊತ್ತಿದ್ದೂ ಅವಳು ಆಟಕ್ಕೆ ಒಪ್ಪಿದಳು, ಮತ್ತು ಸೋತು ಎರಡರಷ್ಟು ಕೂಲಿ ಕೊಟ್ಟಳು.

ಅಲ್ಲಿಂದ ಶುರುವಾಯಿತು. ಗಿರಾಕಿಗಳಿಲ್ಲದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ವಾರಕ್ಕೆ ಮೂರು ದಿನ. ಆಡುತ್ತಿದ್ದುದು ಒಂಬತ್ತು ಚೆಂಡಿನ ಆಟ. ಕೋಲಿನಿಂದ ಹೊಡೆಯುವುದು ಬಿಳಿ ಚೆಂಡನ್ನು ಮಾತ್ರ; ಅದನ್ನು ಮೇಜಿನ ಮೇಲಿರುವ ಚೆಂಡುಗಳಲ್ಲಿ ಅತಿ ಚಿಕ್ಕ ನಂಬರಿನದಕ್ಕೇ ಮೊದಲು ತಾಗಿಸಬೇಕು, ಒಂಬತ್ತನೆಯದನ್ನು ಯಾರು ಗುಳಿಗೆ ಇಳಿಸುತ್ತಾರೋ ಅವರದು ಆಟ. ಪಣ ಒಂದು ಜಿಪ್ಪು, ನಾಲ್ಕು ಗುಂಡಿ, ಒಂದು ಟೀ. ಹುಡುಗಿಯ ಹೊಡೆತ ಕತ್ತರಿಯದಕ್ಕಿಂತ ನಿಖರ. ಹಲ್ಲು ಕೊರೆಯುವವರ ಕೈ ಅಲ್ಲವೇ, ನಡುಕವೆಂಬುದೇ ಇಲ್ಲ. ಆದರೆ ಹೊಡೆಯಲು ಚೆಂಡು ಸಿಗದಿದ್ದಾಗ ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬಿಳಿ ಚೆಂಡನ್ನು ಬೇರೊಂದರ ಬೆನ್ನ ಹಿಂದೆ ಬಚ್ಚಿಟ್ಟು ಎದುರಾಳಿಯನ್ನು ಪೇಚಿಗೆ ಸಿಕ್ಕಿಸುವುದು, ಅವನು ತಲೆ ಕೆರೆದುಕೊಳ್ಳುವಾಗ ತಾನು ಕಿಟಕಿಯಾಚೆ ನೋಡುತ್ತ ನಿಲ್ಲುವುದು, ಈ ಕುತಂತ್ರಗಳನ್ನೆಲ್ಲ ಕತ್ತರಿ ಹೇಳಿಕೊಡಲಿಲ್ಲ. ಅವಳ ಮೇಲೇ ಪ್ರಯೋಗಿಸಿದ. ಎರಡು ತಿಂಗಳಲ್ಲಿ ಅವಳೂ ಕಿಟಕಿಯಾಚೆ ನೋಡುವುದನ್ನು ಕಲಿತಳು. ಆಮೇಲೆ ಗುಂಡಿ, ಜಿಪ್ಪುಗಳೆಲ್ಲ ಕತ್ತರಿಯ ಲೆಕ್ಕಕ್ಕೇ ಬೀಳತೊಡಗಿದವು.

ಹಳೆಯ ಕಾಲವನ್ನು ಅವನು ಹೊಗಳಿದಾಗಲೆಲ್ಲ ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿರಲಿಲ್ಲ. ಆಗ ಈ ಮೆಟ್ಟಿಲು ಹತ್ತಲು ಹೆಂಗಸರಿಗೆ ಬಿಡುತ್ತಿದ್ದಿರಾ ಎಂದು ಒಮ್ಮೆ ಕೇಳಿದಳು. ಕತ್ತರಿ ಹಂಗಲ್ಲಮ್ಮ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ ಚಾಕ್ ಉಜ್ಜತೊಡಗಿದ.

ಒಂದು ಗುರುವಾರ ಅವಳು ಬಂದವಳು ಹಾಲಿನ ಕಡೆ ನೋಡಲೂ ಇಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತು, ನೆಲಕ್ಕೆ ಬಿದ್ದಿದ್ದ ಬಟ್ಟೆಚೂರನ್ನೇ ಶೂವಿನ ತುದಿಯಿಂದ ಆಚೆ ಈಚೆ ತಳ್ಳುತ್ತಿದ್ದಳು. ಕತ್ತರಿ ಮಿಷನ್ನು ನಿಲ್ಲಿಸಿದ.

ಭಾನುವಾರ ಅವಳದೊಂದು ದೊಡ್ಡ ಪಂದ್ಯವಿತ್ತು. ಎದುರಾಳಿ ಬೇರೂರಿನವನು, ದಪ್ಪ ಕನ್ನಡಕದ ಹುಡುಗ, ಬಲು ಹೆಸರು ಮಾಡಿದವನು. ಹನ್ನೊಂದು ಆಟ ಮೊದಲು ಗೆದ್ದವರಿಗೆ ಪಂದ್ಯ. ಎರಡೂ ಕಡೆಯಿಂದ ಐವತ್ತೈವತ್ತು ಸಾವಿರ. ಅವಳ ಪರವಾಗಿ ಆರು ತಿಂಗಳಿಂದ ಹಣ ಹಾಕುತ್ತಿದ್ದವನು ಫೋನಿನಲ್ಲಿ ಬರೀ ಒಂದು ಹೆಸರು. ಮುಖವನ್ನಾಗಲಿ ದನಿಯನ್ನಾಗಲಿ ಅವಳು ಅರಿಯಳು. ಅವನು ಹಿಂದಿನ ರಾತ್ರಿ ನಾಲ್ಕು ಸಾಲು ಬರೆದು ಕಳಿಸಿದ್ದ. ಈ ಸಲ ನೀನು ಸೋಲಬೇಕು. ಕಡೆಯವರೆಗೂ ಎಳೆದು, ಸ್ವಲ್ಪದರಲ್ಲಿ ಸೋಲಬೇಕು. ಗೆದ್ದರೆ ಸಿಗುವುದರ ಮೂರು ಪಟ್ಟು ಕೊಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆಯ ಫೀಸು ಕಟ್ಟಬೇಕು ಅಂಕಲ್, ಅಪ್ಪನನ್ನು ಕೇಳುವ ಹಾಗಿಲ್ಲ ಎಂದಳು. ಬಟ್ಟೆಚೂರನ್ನು ಆಚೆ ತಳ್ಳಿ, "ನಿಮ್ ಕಾಲದಲ್ಲಿ ಇಂಥದೆಲ್ಲ ಇರ್ಲಿಲ್ಲ ಅಲ್ವಾ?" ಎಂದಳು.

ಇರಲಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾತು ತುದಿನಾಲಿಗೆಗೆ ಬಂದೂ ಇತ್ತು. ಕತ್ತರಿ ಎದ್ದು ಹೋಗಿ, ನೀರು ಕುಡಿದು, ಬಂದು ಕೂತು, ಹೊಲಿಗೆ ಮಿಷನ್ನಿನ ಮೇಲೆ ಕೈಯಿಟ್ಟ.

"ಈ ಮಿಷನ್ನು ಅಂಥ ದುಡ್ಡಲ್ಲೇ ಬಂದಿದ್ದು ಕಣಮ್ಮ," ಎಂದ.

ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದ ಮಾತು ಹೇಳಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಲಾರಿ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ ಡ್ರೈವರನ ಜೊತೆ ಪಂದ್ಯ. ಬ್ಯಾಂಕು ಸ್ಕೂಟರಿಗೆಂದು ಮೂರು ವರ್ಷ ಕೂಡಿಟ್ಟಿದ್ದ ಅಷ್ಟೂ ಹಣವನ್ನು ಕತ್ತರಿಯ ಮೇಲೆ ಹಾಕಿದ್ದ. ಆ ದಿನ ಬೆಳಿಗ್ಗೆ ಲಾರಿಯ ಕಡೆಯವನೊಬ್ಬ ಕತ್ತರಿಯ ಬಾಡಿಗೆ ಕೋಣೆಗೆ ಬಂದು, ಚಾಪೆಯ ಮೇಲೆ ಒಂದು ಕವರ್ ಇಟ್ಟು ಹೋದ. ಆಗಷ್ಟೇ ಮದುವೆಯಾಗಿತ್ತು, ಇನ್ನೊಬ್ಬರ ಅಂಗಡಿಯಲ್ಲಿ ದಿನಗೂಲಿ. ಸಂಜೆಯ ಆಟದಲ್ಲಿ ಎರಡೂ ಕಡೆ ಸಮಸಮ ಬಂದು, ಕಡೆಯ ಆಟದಲ್ಲಿ ಏಳನೇ ಚೆಂಡು ಪಕ್ಕದ ಗುಳಿಯ ಬಾಯಲ್ಲೇ ಕೂತಿತ್ತು. ನಿದ್ದೆಗಣ್ಣಲ್ಲೂ ಹಾಕಬಹುದಾದ ಚೆಂಡು. ಕತ್ತರಿ ಅದನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿದ. ಬಲು ಚೆನ್ನಾಗಿ ತಪ್ಪಿಸಿದ. ಸುತ್ತ ನಿಂತವರೆಲ್ಲ ಅಯ್ಯೋ ಅಂದರು.

"ದುಡ್ಡು ಹಾಕಿದ್ರಲ್ಲ, ಅವರಿಗೆ ಗೊತ್ತಾ?" ಎಂದು ಕೇಳಿದಳು ಹುಡುಗಿ.

"ಇಲ್ಲ."

"ಆಮೇಲೆ ಏನಾಯ್ತು?"

"ಏನೂ ಆಗ್ಲಿಲ್ಲ. ಮಿಷನ್ನು ಚೆನ್ನಾಗೇ ಓಡ್ತು. ಅದೇ ತಾಪತ್ರಯ ನೋಡು. ಸಿಕ್ಕಿಬಿದ್ದಿದ್ರೆ ಒಂದು ಸಲ ಒದೆ ತಿಂದು ಮುಗೀತಿತ್ತು. ಆಮೇಲೆ ನಿಜವಾಗ್ಲೂ ತಪ್ಪಿದಾಗಲೂ ನಂಗೇ ಅನುಮಾನ. ಇದು ತಪ್ಪಿದ್ದಾ, ತಪ್ಪಿಸಿದ್ದಾ ಅಂತ."

ಹೀಗೆ ಮಾಡು ಹಾಗೆ ಮಾಡು ಎಂದು ಅವನು ಹೇಳಲಿಲ್ಲ. ಹೇಳುವ ಯೋಗ್ಯತೆ ತನಗಿಲ್ಲ ಎಂದೇ ಅವನಿಗೆ ಅನ್ನಿಸಿತ್ತು. ಹುಡುಗಿ ಫೋನು ತೆಗೆದು, ಅಲ್ಲೇ ಕೂತು, ಒಂದೇ ಸಾಲು ಬರೆದು ಕಳಿಸಿದಳು. ಐದು ನಿಮಿಷದಲ್ಲಿ ಆ ಹೆಸರು ಅವಳ ಫೋನಿನಿಂದ ಮಾಯವಾಯಿತು. ಜೊತೆಗೆ ಐವತ್ತು ಸಾವಿರವೂ ಮಾಯವಾಯಿತು. ಶನಿವಾರ ಸಂಜೆಯೊಳಗೆ ಅವಳ ಕಡೆಯ ಪಣ ಬಾರದಿದ್ದರೆ ಪಂದ್ಯ ರದ್ದು, ಹೆದರಿ ಓಡಿದಳೆಂದು ಊರೆಲ್ಲ ಸುದ್ದಿ. ಅವಳ ಬಳಿ ಇದ್ದುದು ಹತ್ತು ಸಾವಿರ.

ಮನೆಗೆ ಹೋಗಿ ಕತ್ತರಿ ಹೆಂಡತಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಅವಳು ಒಗೆದ ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು. ಹಳೆಯ ಕಥೆ ಮುಗಿದಾಗ ಅವಳ ಕೈ ಒಂದು ಕ್ಷಣ ನಿಂತಿತು.

"ಮಿಷನ್ನು ಕಂತಲ್ಲಿ ತಗೊಂಡೆ ಅಂದಿದ್ರಿ. ಎರಡು ವರ್ಷ ಕಂತು ಕಟ್ತೀನಿ ಅಂತ ನನ್ ಕೈಯಿಂದ ದುಡ್ಡು ಇಸ್ಕೊಂಡ್ರಲ್ಲ, ಅದೆಲ್ಲಿ ಹೋಯ್ತು?"

ಅದು ಎಲ್ಲಿ ಹೋಗಿತ್ತೆಂದು ಅವಳಿಗೂ ಗೊತ್ತಿತ್ತು. ರಸ್ತೆಯಾಚೆಯ ಮೆಟ್ಟಿಲು ಹತ್ತಿ ಹೋಗಿತ್ತು. ಅರ್ಧ ಗಂಟೆ ಅವಳು ಪಾತ್ರೆಗಳ ಬಾಯಲ್ಲೇ ಎಲ್ಲ ಹೇಳಿಸಿದಳು. ಆಮೇಲೆ ಬೀರು ತೆಗೆದು ಇಪ್ಪತ್ತು ಸಾವಿರ ತಂದು ಅವನ ಮುಂದಿಟ್ಟಳು. ಇದು ನಿಮಗಲ್ಲ, ಆ ಹುಡುಗಿಗೆ ಎಂದಳು. ಗೆದ್ದರೆ ಲಾಭ ತನ್ನ ಕೈಗೇ ಬರಬೇಕು, ನಡುವೆ ಯಾರ ಜೇಬಿಗೂ ಇಳಿಯಕೂಡದು ಎಂದೂ ಸೇರಿಸಿದಳು. ಮತ್ತೆ ಬಟ್ಟೆಯ ರಾಶಿಗೆ ತಿರುಗಿ, "ಮೊದಲು ಹೋಗಿ ಆ ಮನುಷ್ಯನ ಹತ್ರ ಬಾಯಿ ಬಿಡಿ," ಎಂದಳು.

ಮರುದಿನ ಬೆಳಿಗ್ಗೆ ಟೀ ಅಂಗಡಿಯ ಬೆಂಚಿನಲ್ಲಿ ಬ್ಯಾಂಕು ಎಂದಿನಂತೆ ಪೇಪರ್ ಹಿಡಿದು ಕೂತಿದ್ದ. ಕತ್ತರಿ ಮೊದಲು ಹುಡುಗಿಯ ಕಥೆ ಹೇಳಿದ. ಇಪ್ಪತ್ತು ಸಾವಿರ ಬೇಕು ಎಂದ. ಕೊಡುವ ಮೊದಲು ನೀನೊಂದು ಮಾತು ಕೇಳಬೇಕು ಎಂದು ತಡವರಿಸಿದ. "ಲಾರಿ ಜೊತೆ ಆಟ ಆಯ್ತಲ್ಲ, ಅವತ್ತು..." ಎನ್ನುವಷ್ಟರಲ್ಲಿ ಬ್ಯಾಂಕು ಪೇಪರಿನ ಹಾಳೆ ತಿರುವಿದ.

"ಏಳನೇ ಚೆಂಡು. ಪಕ್ಕದ ಗುಳಿ. ನಂಗೊತ್ತು ಬಿಡು."

ಕತ್ತರಿ ಟೀ ಲೋಟವನ್ನು ಬೆಂಚಿನ ಮೇಲಿಟ್ಟ.

"ಯಾವಾಗಿಂದ ಗೊತ್ತು?"

"ಅವತ್ತಿಂದಾನೇ. ಯಾವನಾದ್ರೂ ಚೆಂಡು ತಪ್ಪಿದ್ರೆ ಚೆಂಡು ಹೋದ ಕಡೆ ನೋಡ್ತಾನೆ. ನೀನು ನನ್ ಮುಖ ನೋಡ್ದೆ."

ಅದಾದ ಮೇಲೆ ಬ್ಯಾಂಕು ಒಮ್ಮೆಯೂ ಕತ್ತರಿಯ ಮೇಲೆ ಹಣ ಹಾಕಿರಲಿಲ್ಲ. ಹೆಂಡತಿ ಬೇಡ ಅಂತಾಳೆ ಕಣೋ ಎಂದಿದ್ದ, ಕತ್ತರಿ ಅದನ್ನೇ ನಂಬಿದ್ದ. ಹಾಗಿದ್ದರೆ ಒಂದು ಮಾತು ಬೈದುಬಿಡಬಾರದಿತ್ತೇ, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಈಗ ಅವನಿಗೇ ಸಿಟ್ಟು ಬಂತು.

ಬ್ಯಾಂಕು ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡ. "ಹೇಳಿದ್ರೆ ನೀನು ಕಾಲು ಹಿಡ್ಕೋತಿದ್ದೆ. ಆಮೇಲೆ ನಾನು ಕ್ಷಮಿಸ್ಬೇಕಾಗ್ತಿತ್ತು. ನಂಗೆ ಕ್ಷಮಿಸೋ ಮನಸ್ಸಿರ್ಲಿಲ್ಲ ಕಣೋ. ಹಂಗಂತ ಬೆಳಿಗ್ಗೆ ಎದ್ರೆ ಟೀಗೆ ಬೇರೆ ಯಾರಿದಾರೆ ನಂಗೆ?" ತನ್ನ ಲೋಟದ ಟೀ ಮುಗಿಸಿ ಮುಂದುವರಿಸಿದ. "ನೀನು ಅವತ್ತಿಂದ ಒಂದು ದಿನಾನೂ ನನ್ ಕೈಲಿ ಟೀ ದುಡ್ಡು ಕೊಡೋಕೆ ಬಿಟ್ಟಿಲ್ಲ. ದಿನಕ್ಕೆ ಎರಡು. ನಾನು ಲೆಕ್ಕ ಇಟ್ಟಿದೀನಿ. ಹದಿನಾರು ವರ್ಷಕ್ಕೆ ಸ್ಕೂಟರ್ ದುಡ್ಡು ತೀರ್ತು. ಅಲ್ಲಿಂದೀಚೆಗೆ ಕುಡೀತಿರೋದೆಲ್ಲ ಬಡ್ಡಿ."

ಕತ್ತರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದು ಕೆಮ್ಮಾಯಿತು. ಬ್ಯಾಂಕು ಅವನ ಬೆನ್ನಿಗೆ ನಾಲ್ಕು ಗುದ್ದು ಗುದ್ದಿದ. ಕೆಮ್ಮಿಗೆ ಎರಡು ಗುದ್ದು ಸಾಕಿತ್ತು. ಎದ್ದು ಹೊರಡುವಾಗ ಕತ್ತರಿಯ ಕೈ ರೂಢಿಯಂತೆ ಜೇಬಿಗೆ ಹೋಯಿತು. ಬ್ಯಾಂಕು ತಡೆಯಲಿಲ್ಲ.

ಹಣ ಕೊಡಲು ಬ್ಯಾಂಕು ಒಂದು ಷರತ್ತು ಹಾಕಿದ: ಮೊದಲು ಹುಡುಗಿಯ ಆಟ ನೋಡಬೇಕು. ಶನಿವಾರ ಮಧ್ಯಾಹ್ನ ಮೂವರೂ ಹಾಲಿನಲ್ಲಿ ಸೇರಿದರು. ಹುಡುಗಿ ಸಾಲಾಗಿ ಒಂದರಿಂದ ಒಂಬತ್ತರವರೆಗೆ ಎರಡು ಸಲ ಮೇಜು ಖಾಲಿ ಮಾಡಿದಳು. ಬ್ಯಾಂಕಿನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಚೆನ್ನಾಗಿದೆ ಎಂದು ಹೇಳಿ, ಒಂದು ಚೆಂಡನ್ನು ಗುಳಿಯ ಬಾಯಲ್ಲಿ ತಾನೇ ತಂದಿಟ್ಟು, ಇದನ್ನು ಬೇಕಂತಲೇ ತಪ್ಪಿಸು, ನಮಗೆ ಗೊತ್ತಾಗಬಾರದು ಎಂದ.

ಹುಡುಗಿ ಕತ್ತರಿಯ ಕಡೆ ನೋಡಿದಳು. ಕತ್ತರಿ ಕಿಟಕಿಯಾಚೆ ನೋಡಿದ. ಅವಳು ಬಾಗಿ, ಗುರಿ ಹಿಡಿದು, ತಪ್ಪಿಸಿದಳು. ಬ್ಯಾಂಕು ಇನ್ನೊಂದಿಟ್ಟ. ಮತ್ತೊಂದಿಟ್ಟ. ಹೀಗೆ ಎಂಟು ಸಲ. ಆಮೇಲೆ ಸಮಾಧಾನದಿಂದ ಬೆಂಚಿಗೆ ಒರಗಿದ. ನಿಜವಾಗಿ ಹೊಡೆಯುವಾಗ ಉಸಿರು ಬಿಡುತ್ತ ಹೊಡೆಯುತ್ತಾಳೆ, ಸುಳ್ಳು ಹೊಡೆಯುವಾಗ ಬಿಗಿ ಹಿಡಿಯುತ್ತಾಳೆ ಎಂದು ಕತ್ತರಿಯ ಕಿವಿಯಲ್ಲಿ ಉಸುರಿದ. ಸುಳ್ಳು ಹೇಗಿರುತ್ತದೆಂದು ಗೊತ್ತಾಯಿತಲ್ಲ, ಇನ್ನು ಧೈರ್ಯವಾಗಿ ಹಾಕಬಹುದು. ಹೀಗೆಂದವನೇ ಒಳಜೇಬಿನಿಂದ ಕವರ್ ತೆಗೆದ. ಅದಕ್ಕೆ ಪಿನ್ನು ಹಾಕಿದ್ದ.

ನಗದು ಕಂಡು ಹಾಲಿನ ಮಾಲೀಕ ಪೇಚಾಡಿದ. ಇದನ್ನು ಎಲ್ಲಿಡಬೇಕು, ಯಾರಿಗೆ ಕಳಿಸಬೇಕು, ಎಲ್ಲರೂ ಫೋನಿನಲ್ಲೇ ಕೊಡುವುದಲ್ಲವೇ ಎಂದ. ನನ್ನ ಹತ್ತಿರವೇ ಇರಲಿ, ಸೋತರೆ ಎಣಿಸಿ ಕೊಡುತ್ತೇನೆ ಎಂದ ಬ್ಯಾಂಕು. ಭಾನುವಾರ ಬಂದ ಕನ್ನಡಕದ ಹುಡುಗ ಸಾಧು ಸ್ವಭಾವದವನು, ಅಂಗಿಯ ತುಂಬ ಯಾವ್ಯಾವುದೋ ಕಂಪನಿಗಳ ಗುರುತು. ಅವನು ಪಣದ ನೋಟುಗಳನ್ನು ಜನ್ಮದಲ್ಲೇ ಕಂಡಿರಲಿಲ್ಲವಂತೆ. ಬ್ಯಾಂಕಿನ ಅಪ್ಪಣೆ ಕೇಳಿ ಅವುಗಳ ಒಂದು ಫೋಟೋ ತೆಗೆದುಕೊಂಡ.

ಮೂರು ಗಂಟೆಗೆ ಶುರುವಾದ ಪಂದ್ಯ ಹಗ್ಗಜಗ್ಗಾಟವಾಯಿತು. ಕನ್ನಡಕದವನು ನಾಲ್ಕು ಆಟ ಮುಂದೆ ಹೋದ. ಹುಡುಗಿ ಬಿಳಿ ಚೆಂಡನ್ನು ಬಚ್ಚಿಟ್ಟು ಬಚ್ಚಿಟ್ಟು ಅವನಿಗೆ ಬೆವರಿಳಿಸಿದಳು; ಅವನು ಮೇಜು ಸುತ್ತುವಾಗ ಕಿಟಕಿಯಾಚೆ ನೋಡುತ್ತ ನಿಂತಳು. ಎಂಟಕ್ಕೆ ಎಂಟು. ಒಂಬತ್ತಕ್ಕೆ ಒಂಬತ್ತು. ಹತ್ತಕ್ಕೆ ಹತ್ತು. ಕತ್ತರಿ ಪ್ರತಿ ಹೊಡೆತಕ್ಕೂ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಇಂಥ ಸಂಕಟವನ್ನು ಅವನು ಅನುಭವಿಸಿ ಎಷ್ಟೋ ಕಾಲವಾಗಿತ್ತು, ಮತ್ತು ಅದು ತನಗೆ ಇಷ್ಟು ಬೇಕಾಗಿತ್ತೆಂದು ಅವನಿಗೆ ತಿಳಿದೇ ಇರಲಿಲ್ಲ. ಪಕ್ಕದಲ್ಲಿ ಬ್ಯಾಂಕು ಒಳಜೇಬಿನ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದ.

ಕಡೆಯ ಆಟದಲ್ಲಿ ಹುಡುಗಿ ಏಳು ಚೆಂಡನ್ನು ಸರಾಗವಾಗಿ ಇಳಿಸಿದಳು. ಉಳಿದದ್ದು ಎಂಟು, ಒಂಬತ್ತು. ಎಂಟನೆಯದು ಮೂಲೆಗುಳಿಗೆ, ಅರ್ಧ ಮೇಜಿನಷ್ಟು ದೂರ. ಕಷ್ಟದ್ದೇನಲ್ಲ, ಹಾಗೆಂದು ನಿದ್ದೆಗಣ್ಣಲ್ಲಿ ಹಾಕುವಂಥದೂ ಅಲ್ಲ. ಅವಳು ಬಾಗಿದಳು. ಉಸಿರು ಬಿಟ್ಟಳು. ಹೊಡೆದಳು. ಚೆಂಡು ಗುಳಿಯ ಒಂದು ತುಟಿಗೆ ಬಡಿದು, ಇನ್ನೊಂದು ತುಟಿಗೆ ಬಡಿದು, ಯಾಕೋ ಬೇಡವೆಂದು ಆಚೆಗೇ ನಿಂತುಬಿಟ್ಟಿತು. ಕನ್ನಡಕದವನು ಬಂದು ಎಂಟು, ಒಂಬತ್ತು ಎರಡನ್ನೂ ಇಳಿಸಿದ. ಪಂದ್ಯ ಮುಗಿಯಿತು.

ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಎಂಟನೇ ಚೆಂಡು ನಿಂತಿದ್ದ ಜಾಗವನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎದುರಾಳಿ ಕೈ ಕುಲುಕಲು ಬಂದಾಗಲೂ ಅವಳ ಕಣ್ಣು ಅಲ್ಲೇ ಇತ್ತು.

ಫೋನಿನಲ್ಲಿ ನೋಡುತ್ತಿದ್ದವರು ಆಗಲೇ ಬರೆಯತೊಡಗಿದ್ದರು. ಮಾರಿಕೊಂಡಳು, ಕಡೆಯದನ್ನು ಬೇಕಂತಲೇ ಬಿಟ್ಟಳು, ಕಣ್ಣಿದ್ದವರಿಗೆಲ್ಲ ಕಾಣುತ್ತದೆ ಎಂದು ಒಬ್ಬರ ಮೇಲೊಬ್ಬರು. ಹುಡುಗಿ ಅದನ್ನು ಓದಿ ಕುರ್ಚಿಯಲ್ಲಿ ಕುಸಿದಳು, ಮೂಗು ಕೆಂಪಾಯಿತು. ಬ್ಯಾಂಕು ಮೊದಲು ತನ್ನ ಕೆಲಸ ಮುಗಿಸಿದ. ಪಿನ್ನು ತೆಗೆದು, ಐವತ್ತು ಸಾವಿರವನ್ನು ಮೇಜಿನ ಹಸಿರು ಬಟ್ಟೆಯ ಮೇಲೆ ಎಣಿಸಿ, ಕನ್ನಡಕದವನ ಕೈಗಿಟ್ಟ. ಆಮೇಲೆ ಅವಳ ಹತ್ತಿರ ಬಂದು, ಫೋನನ್ನು ಅವಳ ಕೈಯಿಂದ ತೆಗೆದು ಮುಖ ಕೆಳಗಾಗಿಸಿ ಇಟ್ಟ.

"ಚೊಕ್ಕವಾಗಿ ಸೋತೆ ತಾಯಿ," ಎಂದ. "ನಾನು ನೋಡ್ದೆ."

ಅವಳು ಮೂಗು ಒರೆಸಿಕೊಳ್ಳುತ್ತ, ನಿಮ್ಮ ದುಡ್ಡು ಹೋಯಿತಲ್ಲ ತಾತ ಎಂದಳು. ಹೋಯಿತು ಎಂದ ಬ್ಯಾಂಕು. ಹೊಟ್ಟೆ ಉರಿಯುತ್ತಿದೆ ಎಂದೂ ಹೇಳಿದ. ಆದರೆ ಅವನ ಮುಖ ಇಷ್ಟಗಲವಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವನ ಮುಖ ಅಷ್ಟು ಅಗಲವಾದದ್ದನ್ನು ಕತ್ತರಿ ಕಂಡಿರಲಿಲ್ಲ. ಹೆಂಡತಿಗೆ ಏನು ಹೇಳುವುದೆಂಬ ಚಿಂತೆಯ ನಡುವೆಯೂ ಕತ್ತರಿಗೆ ಮೈ ಹಗುರವಾದಂತಿತ್ತು.

ಹೆಂಡತಿಗೆ ಅವನು ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಸೋತಳು, ಅಷ್ಟೂ ಹೋಯಿತು ಎಂದ. ಇಪ್ಪತ್ತು ಸಾವಿರ ಎಲ್ಲಿ ಹೋಯಿತೆಂದು ತಾನು ಕಣ್ಣಾರೆ ನೋಡಬೇಕು ಎಂದಳು ಅವಳು. ಹೀಗಾಗಿ ಮೂರು ವಾರದ ನಂತರ, ಒಂದು ಸಣ್ಣ ಪಂದ್ಯದ ದಿನ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ರಸ್ತೆ ದಾಟಿ ಆ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಚೀಲ, ಚೀಲದಲ್ಲಿ ನೀರಿನ ಬಾಟಲಿ, ಬೇಜಾರಾದರೆ ಇರಲಿ ಎಂದು ಸ್ವೆಟರ್ ಹೆಣೆಯುವ ಉಲ್ಲಿನ ಉಂಡೆ. ಫೀಸಿನ ಮಾತು ಅಷ್ಟರಲ್ಲಿ ಬಗೆಹರಿದಿತ್ತು. ಹುಡುಗಿ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಂಜೆಯ ಕೆಲಸ ಹಿಡಿದು ಕಂತಿನಲ್ಲಿ ಕಟ್ಟುತ್ತಿದ್ದಳು. ಆಟ ಬಿಟ್ಟಿರಲಿಲ್ಲ. ಮುಖ ಕಾಣದವರ ಹಣ ಮಾತ್ರ ಬೇಡವೆಂದಿದ್ದಳು. ಈಗ ಅವಳ ಬೆನ್ನಿಗಿದ್ದುದು ಬ್ಯಾಂಕು, ಕತ್ತರಿ ಮತ್ತು ಕತ್ತರಿಯ ಹೆಂಡತಿ. ಎರಡೆರಡು ಸಾವಿರದ ಪುಟ್ಟ ಪಾಲು.

ಹೆಂಡತಿ ಬ್ಯಾಂಕಿನ ಪಕ್ಕ ಬೆಂಚಿನಲ್ಲಿ ಕೂತಳು. ಮೊದಲ ಆಟದಲ್ಲಿ ಪ್ರತಿ ಹೊಡೆತಕ್ಕೂ ಪ್ರಶ್ನೆ. ಬಿಳಿಯದು ಗುಳಿಗೆ ಬಿದ್ದರೆ ಯಾಕೆ ತಪ್ಪು, ಆ ಕೆಂಪನ್ನು ಬಿಟ್ಟು ಹಳದಿಗೇ ಯಾಕೆ ಹೊಡೆದಳು, ಅವನು ಸುಮ್ಮನೆ ಯಾಕೆ ಸುತ್ತುತ್ತಿದ್ದಾನೆ. ಬ್ಯಾಂಕು ತಾಳ್ಮೆಯಿಂದ ವಿವರಿಸಿದ. ಎರಡನೇ ಆಟದಲ್ಲಿ ಪ್ರಶ್ನೆಗಳು ಕಮ್ಮಿಯಾದವು. ಮೂರನೆಯದರಲ್ಲಿ ಉಲ್ಲಿನ ಉಂಡೆ ಉರುಳಿ ಬೆಂಚಿನ ಕೆಳಗೆ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾಲ್ಕನೆಯದರಲ್ಲಿ ಎದುರಾಳಿ ಒಂದು ಸುಲಭದ ಚೆಂಡು ಬಿಟ್ಟಾಗ, "ಅವನು ಉಸಿರು ಹಿಡ್ಕೊಂಡಿದ್ದ, ನೋಡಿದ್ರಾ?" ಎಂದು ಬ್ಯಾಂಕಿನ ಮೊಣಕೈ ತಿವಿದಳು. ನೋಡಿದೆ, ಆದರೆ ಅದು ಬರೀ ಹೆದರಿಕೆ ಎಂದ ಬ್ಯಾಂಕು. ಇಬ್ಬರೂ ಅದರ ಬಗ್ಗೆ ಸಣ್ಣ ದನಿಯಲ್ಲಿ ವಾದಕ್ಕಿಳಿದರು.

ಹುಡುಗಿ ಏಳಕ್ಕೆ ನಾಲ್ಕರಿಂದ ಗೆದ್ದಳು. ಬ್ಯಾಂಕು ಎಣಿಸಿ ಕೊಟ್ಟ ಪಾಲನ್ನು ಹೆಂಡತಿ ಇನ್ನೊಮ್ಮೆ ಎಣಿಸಿ ತನ್ನ ಪರ್ಸಿಗೆ ಹಾಕಿದಳು. ಕತ್ತರಿಯ ಪಾಲನ್ನೂ ಕೇಳಿ ಇಸಿದುಕೊಂಡು ಅದೇ ಪರ್ಸಿಗೆ ಹಾಕಿದಳು. ಹುಡುಗಿಯ ಬೆನ್ನು ತಟ್ಟಿ, ಆರನೇ ಆಟದಲ್ಲಿ ಅವಸರ ಮಾಡಿದೆ ಮಗಳೇ, ಸ್ವಲ್ಪ ಕಾಯಬೇಕಿತ್ತು ಎಂದು ಬುದ್ಧಿ ಹೇಳಿದಳು. ಹುಡುಗಿ ಹೌದು ಆಂಟಿ ಎಂದು ತಲೆ ತಗ್ಗಿಸಿದಳು; ಅದು ನಿಜವೇ ಆಗಿತ್ತು. ಮೆಟ್ಟಿಲು ಇಳಿಯುತ್ತ ಹೆಂಡತಿ ಮುಂದಿನ ಪಂದ್ಯ ಯಾವತ್ತು ಎಂದು ಬ್ಯಾಂಕನ್ನು ಕೇಳಿದಳು. ಬರುವ ಭಾನುವಾರ, ಪಕ್ಕದೂರಿನಲ್ಲಿ, ಬಸ್ಸಿನಲ್ಲಿ ಹೋದರೆ ಒಂದು ಗಂಟೆ ಎಂದ ಅವನು. ಕಿಟಕಿ ಪಕ್ಕದ ಸೀಟು ತನಗೇ ಬೇಕು ಎಂದು ಅವಳು ಆಗಲೇ ಹೇಳಿಟ್ಟಳು. ಕತ್ತರಿ ಉಲ್ಲಿನ ಉಂಡೆ ಹುಡುಕಲು ಮತ್ತೆ ಮೇಲೆ ಹೋದ.